ಕಾಗದದ ತಟ್ಟೆಯ ಮೇಲೆ ನಂದಾದೇವಿ

“ಪಾಪ, ಅಂಕಲ್ ಒಳ್ಳೇ ಕಥೆ ಹೇಳೋರು. ನೈನಿತಾಲ್ ನೋಡೇ ಇರ್ಲಿಲ್ಲ, ಆದ್ರೂ ಅಲ್ಲೇ ಹುಟ್ಟಿ ಬೆಳೆದೋರ ಥರ ಹೇಳೋರು.”

ಅಮೆರಿಕದ ಕಮ್ಮಿಂಗ್ ಊರಿನ ಕನ್ನಡಿಗರ ನಡುವೆ ಆ ಹಿರಿಯರ ಬಗ್ಗೆ ಉಳಿದಿರುವ ಮಾತು ಇದೊಂದೇ. ಅವರ ವೈಕುಂಠ ಸಮಾರಾಧನೆಯ ದಿನ, ಊಟದ ಸಾಲಿನಲ್ಲಿ, ಯಾರೋ ಬಹಳ ಪ್ರೀತಿಯಿಂದಲೇ ಇದನ್ನು ಹೇಳಿದರು. ಉಳಿದವರು ತಲೆದೂಗಿದರು. ಅವರ ಮಗನೂ ತಲೆದೂಗಿದ. ದ್ವೇಷದಿಂದ ಹೇಳಿದ ಸುಳ್ಳನ್ನು ಅಲ್ಲಗಳೆಯುವುದು ಸುಲಭ. ಪ್ರೀತಿಯಿಂದ ಹೇಳಿದ್ದನ್ನು ಅಲ್ಲಗಳೆದರೆ ನಾವೇ ಕೆಟ್ಟವರಾಗುತ್ತೇವೆ. ಆಗಲಿ.

ಕಳೆದ ತಿಂಗಳು, ಕಮ್ಮಿಂಗಿನ ದೊಡ್ಡ ಮಗಳ ಮನೆಯಿಂದ ಡರ್ಹಮ್ ಊರಿನಲ್ಲಿರುವ ಚಿಕ್ಕ ಮಗಳ ಮನೆಗೆ ಹೊರಡುವ ಮುನ್ನ, ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ದಪ್ಪ ನಿಘಂಟಿನ ನಡುವಿನಿಂದ ಕಾಗದದ ತಟ್ಟೆಯೊಂದು ಜಾರಿ ಬಿತ್ತು. ಪಾರ್ಟಿಗಳಲ್ಲಿ ಚಿತ್ರಾನ್ನ ಬಡಿಸಿಕೊಳ್ಳುವ ಬಿಳಿಯ ತಟ್ಟೆ. ಅಂಚಿನಲ್ಲಿ ಅರಿಶಿನದ ಹೆಬ್ಬೆರಳಿನ ಗುರುತು. ನಡುವೆ ನೀಲಿ ಶಾಯಿಯಲ್ಲಿ ಏರಿಳಿಯುವ ಒಂದೇ ಒಂದು ಗೆರೆ. ಎಂಟು ವರ್ಷ ಅದನ್ನು ಅಲ್ಲಿಟ್ಟು ಮರೆತವನು ನಾನೇ…

ಆ ಹಿರಿಯರು ಗದಗಿನ ಕಡೆಯವರು. ನಮ್ಮ ಬಡಾವಣೆಯಲ್ಲೇ ಮಗನ ಮನೆಯಲ್ಲಿದ್ದರು. ಎಲ್ಲರೂ ಅವರನ್ನು ‘ಬೈನಾಕ್ಯುಲರ್ ಅಂಕಲ್’ ಎನ್ನುತ್ತಿದ್ದರು; ನನ್ನ ಪಾಲಿಗೆ ಅವರು ದುರ್ಬೀನಿನ ಯಜಮಾನರು. ಅವರೇ ಹೇಳುತ್ತಿದ್ದ ಪ್ರಕಾರ, ಸೈನ್ಯದಿಂದ ಬಿಡುಗಡೆಯಾದ ಮೇಲೆ ಊರಿಗೆ ಮರಳದೆ, ಜೊತೆಯ ಸಿಪಾಯಿಯೊಬ್ಬನ ಊರಾದ ನೈನಿತಾಲಿಗೆ ಹೋಗಿ, ಅಲ್ಲಿನ ಸ್ನೋ ವ್ಯೂ ಎಂಬ ಎತ್ತರದ ಜಾಗದಲ್ಲಿ ಮುಕ್ಕಾಲಿಯ ಮೇಲೆ ದುರ್ಬೀನು ನಿಲ್ಲಿಸಿ, ಪ್ರವಾಸಿಗಳಿಗೆ ಹಿಮಶಿಖರ ತೋರಿಸುವ ಕೆಲಸ ಮಾಡಿದ್ದರು. ದಿನವೂ ಬೆಳಿಗ್ಗೆ ಬಡಾವಣೆಯ ಕೊಳದ ಸುತ್ತ ನಡೆಯುವಾಗ ನಾನು ಕೇಳುತ್ತಿದ್ದುದು ಇದನ್ನೇ.

“ಕೆರಿ ಅದ, ದೋಣಿ ಅದಾವ, ಮಾಲ್ ರೋಡ್ ಅದ, ಮೇಣಬತ್ತಿ ಅಂಗಡಿ ಅದಾವ. ಅವೆಲ್ಲಾ ಎಲ್ಲೀಗೂ ಹೋಗಂಗಿಲ್ಲ, ಯಾವಾಗ ಹೋದ್ರೂ ಸಿಗತಾವ. ಶಿಖರ ಹಂಗಲ್ರೀ. ಮೋಡ ಏಳೋದ್ರಾಗ ನೋಡಬೇಕು.”

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸಿದವನು. ಅಚ್ಚಾಗುವ ಮಾತು ಎಷ್ಟು ಸಲ ಬದಲಾಗುತ್ತದೆಂದು ಕಣ್ಣಾರೆ ಕಂಡು, ಯಾರ ಮಾತನ್ನೂ ಆಧಾರವಿಲ್ಲದೆ ನಂಬದ ಸ್ವಭಾವ ಬೆಳೆಸಿಕೊಂಡೆ. ಅವರ ಮಾತನ್ನೂ ಪೂರ್ತಿ ನಂಬಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಅದಕ್ಕೇ ನನ್ನನ್ನು ‘ಪುಸ್ತಕದ ಸಾಹೇಬ್ರು’ ಎಂದು ಛೇಡಿಸುತ್ತಿದ್ದರು.

ಒಂದು ಶನಿವಾರ ಪಕ್ಕದ ಬೀದಿಯ ದಂಪತಿ ಇಂಡಿಯಾ ಪ್ರವಾಸ ಮುಗಿಸಿ ಬಂದು, ಎಲ್ಲರನ್ನೂ ಊಟಕ್ಕೆ ಕರೆದರು. ಅವರ ನೆಲಮಾಳಿಗೆಯಲ್ಲಿ ಗೋಡೆಯಗಲದ ಪರದೆ. ಕೆರೆ, ದೋಣಿ, ರೋಪ್‌ವೇ ಎಲ್ಲ ಮುಗಿದ ಮೇಲೆ ಸ್ನೋ ವ್ಯೂ ಬಂತು. ಎಡಕ್ಕೆ ಭಾರಿ ಬಿಳಿ ಶಿಖರ, ನಡುವೆ ಮನೆಯ ಯಜಮಾನ, ಬಲಕ್ಕೆ ಅಗಲ ಟೋಪಿ ಧರಿಸಿದ ಅವನ ಹೆಂಡತಿ.

“ಇದೇ ನೋಡಿ, ನಂದಾದೇವಿ! ವಾಟ್ ಎ ವ್ಯೂ ಅಲ್ವಾ?” ಎಂದ ಅವನು.

“ಅದು ತ್ರಿಶೂಲ, ತಮ್ಮಾ” ಎಂದು ಹಿಂದಿನ ಸೋಫಾದಿಂದ ದನಿ ಬಂತು. ದುರ್ಬೀನಿನ ಯಜಮಾನರು ತಟ್ಟೆ ಹಿಡಿದುಕೊಂಡೇ ಎದ್ದು ನಿಂತಿದ್ದರು. “ನಂದಾದೇವಿ ನಿನ್ನ ಹೆಂಡತಿ ಟೊಪ್ಪಿಗಿ ಹಿಂದ ಅದಾಳ.”

ಎಲ್ಲರೂ ಗೊಳ್ಳೆಂದು ನಕ್ಕರು.

“ಅಂಕಲ್, ಅಲ್ಲಿನ ಗೈಡೇ ಹೇಳಿದ್ದು. ನೋಡಿ, ಎಷ್ಟು ದೊಡ್ಡದಾಗಿದೆ!”

“ದೊಡ್ಡದಾಗಿ ಕಾಣೋದು ಹತ್ತಿರ ಐತಿ ಅಂತ. ಬಂದೋರಿಗೆಲ್ಲಾ ಹೆಸರು ಕೇಳಿದ ಶಿಖರನೇ ದೊಡ್ಡದಾಗಿ ಕಾಣಬೇಕು. ಅದಕ್ಕ ಕೆಲವರು ಇದನ್ನ ತೋರ್ಸಿ ಕಳಸ್ತಾರ. ನಾ ಹಂಗ ತೋರ್ಸಲಿಲ್ಲ. ಖರೇದ್ದು ತೋರ್ಸಿದ್ರ ‘ಇಷ್ಟ ಏನು?’ ಅಂತ ಮಾರಿ ಸಣ್ಣ ಮಾಡ್ಕೊಂಡು ಹೋಗೋರು.”

“ಅಂಕಲ್, ನೀವು ಗದಗದಿಂದಲೇ ಬೈನಾಕ್ಯುಲರ್ ಹಾಕಿ ನೋಡಿದ್ರಾ?” ಎಂದು ಯಾರೋ ಕೂಗಿದರು. ನಗು ಇಮ್ಮಡಿಸಿತು. ಅವರ ಮಗ ತಲೆ ತಗ್ಗಿಸಿ, “ಅಪ್ಪಾ, ಸಾಕು ಮಾಡ್ರಿ” ಎಂದ. ಅವರೆಲ್ಲರ ನಗುವನ್ನು ದುರ್ಬೀನಿನ ಯಜಮಾನರು ಸಹಿಸಿಕೊಂಡಿದ್ದರು. ಮಗನ ಈ ಮಾತು ಕೇಳಿದ ಮೇಲೆ ಅಲ್ಲಿ ನಿಲ್ಲಲಿಲ್ಲ.

ಅವರು ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದರು. ನಾನು ಹಿಂಬಾಲಿಸಿದೆ. ಸಮಾಧಾನ ಹೇಳುವ ಬದಲು ನನ್ನ ಬಾಯಿಂದ ಬಂದದ್ದು ನನ್ನ ಹಳೆಯ ಚಾಳಿಯ ಪ್ರಶ್ನೆ:

“ನಿಮ್ಮ ಮಾತಿಗೆ ದಾಖಲೆ ಏನಿದೆ?”

“ನನ್ನ ಕಣ್ಣು.”

“ಕಣ್ಣು ದಾಖಲೆ ಆಗೋದಿಲ್ಲ, ಯಜಮಾನ್ರೇ.”

ಅವರು ಕೈ ಚಾಚಿ ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಬಡಿಸಲು ಮೇಲೆ ಬಂದಿದ್ದ ಆ ಮನೆಯಾಕೆಯತ್ತ ತಿರುಗಿ, “ತಂಗಿ, ಒಂದು ತಟ್ಟಿ ಕೊಡವಾ” ಎಂದರು.

“ಅನ್ನ ಹಾಕ್ಲಾ ಅಂಕಲ್?”

“ಬ್ಯಾಡ. ಖಾಲೀದು ಕೊಡು.”

ಕೌಂಟರಿನ ಮೇಲೆ ತಟ್ಟೆಯನ್ನಿಟ್ಟು ಎಡದಿಂದ ಬಲಕ್ಕೆ, ಪೆನ್ನು ಎತ್ತದೆ, ಒಂದೇ ಗೆರೆ ಎಳೆದರು. ಮೂರು ಕೊಂಬಿನ ಅಗಲವಾದ ಶಿಖರ. ಅದರ ಕೆಳಗೆ ‘ತ್ರಿ’. ಗೆರೆ ಇಳಿದು ಸಣ್ಣ ಸಣ್ಣ ಹಲ್ಲುಗಳಂತೆ ಸಾಗಿ, ಆ ಸಾಲಿನ ಹಿಂದಿನಿಂದ ಇಣುಕುವ ಜೋಡಿ ತುದಿಯೊಂದನ್ನು ಹತ್ತಿತು, ಕೆಳಗೆ ‘ನಂ’. ಇನ್ನೂ ಬಲಕ್ಕೆ ಒಂಟಿಯಾಗಿ ನಿಂತ ‘ನಂದಾಕೋಟ್’. ಆ ಹೆಣ್ಣುಮಗಳು ನೋಡಿ ನಕ್ಕು ಮೊಸರನ್ನ ತೆಗೆದುಕೊಂಡು ಹೋದಳು.

“ತೊಗೊಳ್ರಿ ಪುಸ್ತಕದ ಸಾಹೇಬ್ರ, ದಾಖಲೆ. ಒಂದಿನ ಹೋಲ್ಸಿ ನೋಡ್ರಿ.”

“ನೋಡೋಣ” ಎಂದೆ.

ಅಂದಿನಿಂದ ಅವರು ಯಾರ ಮನೆಯ ಊಟಕ್ಕೂ ಬರಲಿಲ್ಲ. ಕೊಳದ ಸುತ್ತಿನ ನಡಿಗೆ ಮುಂದುವರಿಯಿತು. ಆದರೆ ಹುಲ್ಲು ಕತ್ತರಿಸುವವರ ಬಗ್ಗೆ, ಹವೆಯ ಬಗ್ಗೆ, ಮಂಡಿನೋವಿನ ಬಗ್ಗೆ ಮಾತ್ರ ಮಾತು. ನೈನಿತಾಲಿನ ಹೆಸರನ್ನು ಮತ್ತೆ ಎತ್ತಲೇ ಇಲ್ಲ. ಮೊಮ್ಮಗಳು “ಅಜ್ಜಾ, ಟೆಲಿಸ್ಕೋಪ್ ಸ್ಟೋರಿ ಹೇಳು” ಎಂದು ಅಂಗಿ ಜಗ್ಗಿದರೂ, “ಮರತು ಹೋಗೇತಿ, ಪುಟ್ಟಿ” ಎನ್ನುತ್ತಿದ್ದರು. ಮರೆತಿರಲಿಲ್ಲ. ನಾನಾದರೂ ಒಂದು ಮಾತು ಕೇಳಬಹುದಿತ್ತು… ಮೂರು ಚಳಿಗಾಲಗಳ ನಂತರ ಅವರು ಹೋದರು. ‘ಒಳ್ಳೇ ಕಥೆ ಹೇಳೋರು’ ಎಂಬ ಮಾತು ಉಳಿಯಿತು.

ಇಲ್ಲಿ ಡರ್ಹಮಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮೊದಲ ವಾರವೇ ಹೋದೆ, ಚೀಲದಲ್ಲಿ ತಟ್ಟೆಯಿಟ್ಟುಕೊಂಡು. ಅಮೆರಿಕದ ಸೈನ್ಯ ಹಿಂದೆ ಎಂದೋ ಅಚ್ಚುಹಾಕಿಸಿದ ಭಾರತದ ನಕ್ಷೆಗಳು ಅಲ್ಲಿವೆ. ಎರಡು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ನೈನಿತಾಲಿನ ಮೇಲೆ ಸ್ಕೇಲಿನ ತುದಿ ಇಟ್ಟೆ. ತ್ರಿಶೂಲಕ್ಕೆ ಹೋಗುವ ಗೆರೆ ಎಡಕ್ಕೆ, ಮತ್ತು ಹತ್ತಿರ. ನಂದಾದೇವಿಗೆ ಹೋಗುವ ಗೆರೆ ಬಲಕ್ಕೆ, ಮತ್ತು ದೂರ. ನಂದಾಕೋಟ್ ಇನ್ನೂ ಬಲಕ್ಕೆ. ತಟ್ಟೆಯ ಮೇಲಿದ್ದ ಅನುಕ್ರಮವೇ ನಕ್ಷೆಯ ಮೇಲೂ ಇತ್ತು.

ಅಂದು ಸಂಜೆ, ಆ ಶನಿವಾರ ಊಟಕ್ಕೆ ಕರೆದಿದ್ದ ಮನೆಯ ಯಜಮಾನನಿಗೆ ಫೋನ್ ಮಾಡಿ ನಕ್ಷೆಯ ವಿಷಯ ಹೇಳಿದೆ.

“ಅಂಕಲ್, ಎಂಟು ವರ್ಷ ಆಯ್ತಲ್ಲಾ! ಬಿಟ್ಬಿಡಿ ಪ್ಲೀಸ್” ಎಂದ ಅವನು.

“ಬಿಡೋದಿಲ್ಲ” ಎಂದೆ.

ಫೋನು ಕೈ ಬದಲಾಯಿತು. “ಅಂಕಲ್, ನಾನು. ತಟ್ಟೆ ಕೊಟ್ಟಿದ್ದು ನಾನೇ ಅಲ್ವಾ? ಅದೇ ಜಾಗದಲ್ಲಿ ಇನ್ನೊಂದು ಫೋಟೋ ಇದೆ. ಮಗೂ ಶೂ ಬಿಚ್ಚಿಹೋಗಿತ್ತು, ನಾನು ಬಗ್ಗಿದೀನಿ. ಚೆನ್ನಾಗಿ ಬಂದಿಲ್ಲ ಅಂತ ಅವತ್ತು ಇವರು ತೋರಿಸ್ಲಿಲ್ಲ. ಕಳಿಸ್ತೀನಿ ಇರಿ.”

ಕಳಿಸಿದಳು. ಗಂಡ ಕಣ್ಣು ಮುಚ್ಚಿದ್ದಾನೆ, ಹೆಂಡತಿಯ ಬೆನ್ನು ಮಾತ್ರ ಕಾಣುತ್ತದೆ. ಟೋಪಿ ಇದ್ದ ಜಾಗದಲ್ಲಿ, ಮುಂದಿನ ಸಾಲಿನ ಹಿಂದಿನಿಂದ, ಜೋಡಿ ತುದಿಯೊಂದು ಇಣುಕುತ್ತಿದೆ. ತಟ್ಟೆಯನ್ನು ಪರದೆಯ ಪಕ್ಕಕ್ಕೆ ಹಿಡಿದೆ. ಸಣ್ಣ ಹಲ್ಲುಗಳ ಸಾಲೂ ತಪ್ಪಿರಲಿಲ್ಲ. ಅವರು ಪರದೆಯ ಮೇಲಿನ ಚಿತ್ರ ನೋಡಿ ಬರೆದಿರಬಹುದು ಎನ್ನುವವರಿಗೆ ಹೇಳುತ್ತೇನೆ: ಅಂದು ಪರದೆಯ ಮೇಲೆ ಆ ಭಾಗ ಟೋಪಿಯ ಮರೆಯಲ್ಲಿತ್ತು, ಅವರು ಬರೆದದ್ದು ನನ್ನೆದುರಿಗೆ, ನನ್ನ ಪೆನ್ನಿನಿಂದ, ಕೈಯಲ್ಲಿ ಬೇರೇನೂ ಇಲ್ಲದೆ.

ಆ ಕಣ್ಣು ದಾಖಲೆಯೇ ಆಗಿತ್ತು. ಇದನ್ನು ಹೇಳಬೇಕಾದವರಿಗೆ ಹೇಳಲು ಈಗ ದಾರಿಯಿಲ್ಲ. ಅವರ ಮಗನಿಗೆ ಚಿತ್ರವನ್ನೂ ತಟ್ಟೆಯ ಪ್ರತಿಯನ್ನೂ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಮೊಮ್ಮಗಳಿಗೂ ಕಳಿಸಿದ್ದೇನೆ.

ನಕ್ಷೆ ಗ್ರಂಥಾಲಯದಲ್ಲಿದೆ, ಯಾರು ಕೇಳಿದರೂ ತೆಗೆದುಕೊಡುತ್ತಾರೆ. ಚೆನ್ನಾಗಿ ಬಾರದ ಆ ಫೋಟೋ ಕಮ್ಮಿಂಗಿನ ಆ ಹೆಣ್ಣುಮಗಳ ಬಳಿ ಇದೆ. ತಟ್ಟೆ ನನ್ನ ಮೇಜಿನ ಮೇಲಿದೆ, ಅರಿಶಿನದ ಗುರುತಿನ ಸಮೇತ. ಬಂದು ಹೋಲಿಸಿ ನೋಡಿ. ನನ್ನ ಸ್ಕೇಲಿನ ಮೇಲೆ ನಂಬಿಕೆಯಿಲ್ಲದವರು ತಮ್ಮದನ್ನೇ ತರಲಿ.