ನಾಲ್ಕು ಪಂದ್ಯಗಳ ಗಂಟು

ನಲವತ್ತೈದು ದಾಟಿದ ಮೇಲೆ ನಾನು ಪಾರ್ಲೇ ಬೆಟ್ಟಿಂಗ್ ಕಲಿತೆ. ಕಲಿಯುವ ಆಸೆಯೇನೂ ಇರಲಿಲ್ಲ. ದಿನವಿಡೀ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಸಂಜೆ ಮನೆಯಲ್ಲಿ ಟ್ಯೂಷನ್ ಮುಗಿಸಿ, ಇನ್ನು ಕಾಲು ಚಾಚಿ ಕೂತರೆ ಸಾಕಪ್ಪಾ ಅನ್ನುವ ಹೊತ್ತಿಗೆ ಗಂಡ ಬಂದು ನನ್ನ ಟ್ಯೂಷನ್ನಿನ ಬಿಳಿ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಕೈಯಲ್ಲಿ ಮಾರ್ಕರ್. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದ ಮನುಷ್ಯ. ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ನಾವಿರುವುದು ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಒಂದು ವಿಲ್ಲಾದ ಹಿಂಭಾಗದ ಪೋರ್ಷನ್ನಿನಲ್ಲಿ. ಅವರು ದುಬೈನ ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದರು. ಕಂಪನಿ ಆ ವಿಭಾಗವನ್ನೇ ಮುಚ್ಚಿತು, ಇವರ ವೀಸಾ ರದ್ದಾಯಿತು. ರದ್ದಾದ ಮೇಲೆ ಇಲ್ಲಿ ಗ್ರೇಸ್ ಅಂತ ಒಂದಿಷ್ಟು ದಿನ ಕೊಡುತ್ತಾರೆ. ಅಷ್ಟರೊಳಗೆ ಹೊಸ ಕೆಲಸದ ವೀಸಾ ಆಗಬೇಕು, ಇಲ್ಲವಾದರೆ ದೇಶ ಬಿಡಬೇಕು. ಇನ್ನೊಂದು ದಾರಿಯೂ ಇತ್ತು. ಅಲ್ಲಿಯವರೆಗೆ ಅವರ ವೀಸಾದಲ್ಲಿದ್ದ ನಾನು ಈಗ ನನ್ನ ಶಾಲೆಯ ವೀಸಾಕ್ಕೆ ಬಂದಿದ್ದೆ, ಅದರ ಮೇಲೆ ನಾನೇ ಅವರಿಗೆ ಸ್ಪಾನ್ಸರ್ ಆಗಬಹುದಿತ್ತು. ಮಗಳನ್ನು ಆಗಲೇ ನನ್ನ ವೀಸಾಕ್ಕೆ ತಂದುಕೊಂಡಿದ್ದೆ, ಅದಕ್ಕೆ ಅವರ ತಕರಾರಿರಲಿಲ್ಲ. ತಮ್ಮ ಸರದಿ ಬಂದಾಗ ಮಾತ್ರ ‘ನೋಡೋಣ’ ಅನ್ನುತ್ತಿದ್ದರು. ಆ ‘ನೋಡೋಣ’ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಒಂದು ಸಲ ಬಾಯಿಬಿಟ್ಟು ಹೇಳಿದರು. ಹೆಂಡತಿಯ ವೀಸಾದಲ್ಲಿ ಇದ್ದಾನೆ ಎಂದು ನಾಲ್ಕು ಜನ ಆಡಿಕೊಂಡರೆ ತಾನು ಕನ್ನಡದವರ ನಡುವೆ ತಲೆ ಎತ್ತಿ ಓಡಾಡುವುದು ಹೇಗೆ ಎಂದು. ಆ ನಾಲ್ಕು ಜನ ಯಾರು ಎಂದು ಕೇಳಿದೆ. ಹಬ್ಬದ ಊಟಕ್ಕೆ ಸೇರುವಲ್ಲಿ ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿ, ಯಾವ ವೀಸಾ ಎಂದೇ, ಅದು ನನಗೂ ಗೊತ್ತು. ಆದರೂ ಮೈ ಉರಿಯಿತು. ಇಷ್ಟು ವರ್ಷ ಅವರ ವೀಸಾದಲ್ಲಿ ನಾನಿದ್ದಾಗ ಯಾರ ತಲೆಯೂ ತಗ್ಗಿರಲಿಲ್ಲವಲ್ಲ!

ಬೆಟ್ಟಿಂಗಿನ ಹುಚ್ಚು ಹತ್ತಿಸಿದ್ದು ಬೆಂಗಳೂರಿನಲ್ಲಿರುವ ಅವರ ಗೆಳೆಯ. ಹೊತ್ತು ಹೋಗಲಿ ಎಂದು ಫೋನಿಗೆ ಒಂದಿಷ್ಟು ವಿಡಿಯೋ ಕಳಿಸಿದ್ದನಂತೆ. ಇವರು ಅದನ್ನು ಪರೀಕ್ಷೆಗೆ ಕೂತವರ ಹಾಗೆ ನೋಡಿದರು. ನೋಡಿದ್ದನ್ನು ಯಾರಿಗಾದರೂ ಹೇಳಬೇಕಲ್ಲ, ಸಿಕ್ಕಿದವಳು ನಾನು. ಒಂದು ಪಂದ್ಯದ ಮೇಲೆ ಬಾಜಿ ಕಟ್ಟಿದರೆ ಸಿಗುವುದು ಚಿಲ್ಲರೆ. ಅದರ ಬದಲು ಮೂರೋ ನಾಲ್ಕೋ ಪಂದ್ಯ ಸೇರಿಸಿ ಒಂದೇ ಗಂಟು ಕಟ್ಟುವುದು, ಅದೇ ಪಾರ್ಲೇ. ಎಲ್ಲವೂ ನೀವು ಹೇಳಿದ ಹಾಗೆಯೇ ಆದರೆ ದೊಡ್ಡ ಮೊತ್ತ. ಒಂದು ತಪ್ಪಿದರೂ ಗಂಟೆಲ್ಲ ನೀರುಪಾಲು. ಹೊಸಬರು ಗೆಲ್ಲುವ ತಂಡಗಳನ್ನೇ ಆರಿಸಬೇಕು, ಗಂಟು ಚಿಕ್ಕದಿರಬೇಕು, ಸೋತ ಸಿಟ್ಟಿನಲ್ಲಿ ಮತ್ತೆ ಕಟ್ಟಬಾರದು. ಇದೆಲ್ಲ ಬೋರ್ಡಿನ ಮೇಲೆ ಬಂತು. ನಾನು ಸೊಪ್ಪು ಬಿಡಿಸುತ್ತಾ ಕೇಳಿದೆ.

ಈ ದೇಶದಲ್ಲಿ ಇಂಥ ಬಾಜಿ ಕಟ್ಟಿ ಸಿಕ್ಕಿಬಿದ್ದರೆ ಕಥೆ ಮುಗಿದ ಹಾಗೆ. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ಬರೀ ಬೋರ್ಡಿನ ಮೇಲಿನ ಆಟ. ಬೆಳಿಗ್ಗೆ ನಾಲ್ಕು ಪಂದ್ಯ ಬರೆಯುವರು, ಎರಡು ಕ್ರಿಕೆಟ್ಟು, ಎರಡು ಫುಟ್ಬಾಲು. ಮರುದಿನ ಸರಿ ತಪ್ಪು ಹಾಕುವರು. ನನ್ನ ಟ್ಯೂಷನ್ ಮಕ್ಕಳು ಬೋರ್ಡಿನ ಉಳಿದರ್ಧದಲ್ಲಿ ಸಮೀಕರಣ ಬಿಡಿಸುತ್ತಿದ್ದರು. ಮಗಳು ಶಾಲೆಯಿಂದ ಬಂದವಳೇ “ಅಪ್ಪಾ, ಡಿಡ್ ಯು ವಿನ್?” ಅನ್ನುತ್ತಿದ್ದಳು. ಇವರು ದಿನವೂ ಹೇಳುತ್ತಿದ್ದುದು ಒಂದೇ ಮಾತು.

“ಮೂರು ಬಂತು ಕಣೇ. ಒಂದೇ ಒಂದು ತಪ್ಪೋಯ್ತು.”

ಆ ‘ಒಂದೇ ಒಂದು’ ಎನ್ನುವಾಗ ಅವರ ಮುಖದಲ್ಲಿ ಸೋಲು ಕಾಣುತ್ತಿರಲಿಲ್ಲ. ಇನ್ನೇನು ಕೈಗೆ ಬಂತು ಅನ್ನುವ ಕಳೆ ಇರುತ್ತಿತ್ತು. ನನಗೆ ಭಯವಾಗಲು ಶುರುವಾದದ್ದು ಅದನ್ನು ನೋಡಿ.

ಒಂದು ದಿನ ನಾನೂ ಮಾರ್ಕರ್ ಹಿಡಿದೆ. ಒಂದೊಂದು ತಂಡ ಗೆಲ್ಲುವುದು ಹತ್ತಕ್ಕೆ ಏಳು ಸಲ ಎಂದೇ ಇಟ್ಟುಕೊಳ್ಳೋಣ, ಅಂಥ ನಾಲ್ಕನ್ನು ಕಟ್ಟಿದರೆ ನಾಲ್ಕೂ ಒಟ್ಟಿಗೆ ಬರುವುದು ನಾಲ್ಕು ಸಲಕ್ಕೆ ಒಂದು ಸಲವೂ ಅಲ್ಲ ಎಂದು ಗುಣಿಸಿ ತೋರಿಸಿದೆ. ಬಾಜಿ ಕಟ್ಟಿಸಿಕೊಳ್ಳುವವನು ಪ್ರತಿ ಪಂದ್ಯದಲ್ಲೂ ತನ್ನ ಪಾಲು ಮುರಿದುಕೊಂಡೇ ಬೆಲೆ ಹೇಳುತ್ತಾನೆ, ನಾಲ್ಕು ಕಟ್ಟಿದವರು ಆ ಪಾಲನ್ನು ನಾಲ್ಕು ಸಲ ಕೊಡುತ್ತಾರೆ ಎಂದೂ ಹೇಳಿದೆ. ಅವರು ನಕ್ಕರು. ಟೀಚರಮ್ಮನಿಗೆ ಲೆಕ್ಕ ಗೊತ್ತು, ಆಟ ಗೊತ್ತಿಲ್ಲ ಎಂದರು. ನಾನು ಮಾರ್ಕರ್ ಮುಚ್ಚಿಟ್ಟು ಸಾರಿಗೆ ಒಗ್ಗರಣೆ ಹಾಕಲು ಹೋದೆ. ವಾದ ಮಾಡಲು ಮೈಯಲ್ಲಿ ತ್ರಾಣ ಬೇಕಲ್ಲ.

ಗಡುವು ಹತ್ತಿರವಾಗುತ್ತಿತ್ತು. ಇಲ್ಲಿಂದ ಪಶ್ಚಿಮಕ್ಕೆ ದೂರದಲ್ಲಿರುವ ರುವೈಸ್ ಎಂಬ ಊರಿನ ತೈಲ ಘಟಕಗಳಿಗೆ ಸಾಮಾನು ಒದಗಿಸುವ ಗುತ್ತಿಗೆದಾರರೊಬ್ಬರು ಇವರನ್ನು ಮಾತಾಡಿಸಿ, ತಿಳಿಸುತ್ತೇವೆ ಎಂದಿದ್ದರು. ಆ ಒಂದು ಮಾತನ್ನು ಹಿಡಿದು ಇವರು ನೆಮ್ಮದಿಯಾಗಿದ್ದರು. ಒಂದು ಶನಿವಾರ ಮಧ್ಯಾಹ್ನ ಊಟ ಮಾಡುತ್ತಾ, ಇನ್ನು ಬೋರ್ಡಿನ ಆಟ ಸಾಕು, ಬೆಂಗಳೂರಿನ ಗೆಳೆಯ ಅವನ ಹೆಸರಲ್ಲಿ ನಿಜವಾಗಿ ಕಟ್ಟುತ್ತಾನಂತೆ ಎಂದರು. ಅದೇ ಉಸಿರಿನಲ್ಲಿ, ರುವೈಸಿನದು ಆಗೇ ಆಗುತ್ತೆ, ನಿನ್ನ ವೀಸಾದ ಗೋಜು ಬೇಡ ಎಂದೂ ಸೇರಿಸಿದರು.

ನಾನು ತಟ್ಟೆ ಬಿಟ್ಟು ಎದ್ದೆ. ಕೈ ತೊಳೆಯಲೂ ಇಲ್ಲ. ಎಡಗೈಯಲ್ಲೇ ಮಾರ್ಕರ್ ತೆಗೆದುಕೊಂಡು ಕೇಳಿದೆ, ರುವೈಸಿನವರು ಕೆಲಸ ಕೊಡುತ್ತಾರೆ ಅನ್ನುವುದಕ್ಕೆ ಹತ್ತಕ್ಕೆ ಎಷ್ಟು? ಏಳು ಎಂದರು. ಗಡುವಿನೊಳಗೆ ಆಫರ್ ಲೆಟರ್ ಬರುವುದಕ್ಕೆ? ಆರು. ಅದರೊಳಗೆ ವೀಸಾ ಆಗುವುದಕ್ಕೆ? ಇಲ್ಲಿ ತಡೆದರು. ಐದು ಎಂದರು. ನಿಮಗೆ ಒಗ್ಗುವ ಸಂಬಳ ಕೊಡುವುದಕ್ಕೆ? ಅದಕ್ಕೂ ಐದು ಎಂದರು, ದನಿ ಸಣ್ಣದಾಗಿತ್ತು. ಸುಳ್ಳು ಹೇಳುವ ಮನುಷ್ಯ ಅವರಲ್ಲ. ಅದೊಂದೇ ನನ್ನ ಪುಣ್ಯ. ನಾಲ್ಕನ್ನೂ ಒಂದರ ಕೆಳಗೊಂದು ಬರೆದೆ, ಅವರ ಪಂದ್ಯಗಳನ್ನು ಬರೆಯುತ್ತಿದ್ದ ಜಾಗದಲ್ಲೇ.

“ಲೆಕ್ಕ ನೀವೇ ಮಾಡಿ. ಒಂದು ತಪ್ಪಿದ್ರೆ ನೀವು ಊರಲ್ಲಿ, ನಾನೂ ಮಗಳೂ ಇಲ್ಲಿ. ನೀವು ಗಂಟು ಕಟ್ತಿರೋದು ಮ್ಯಾಚನ್ನಲ್ಲ ರೀ, ನಮ್ಮನ್ನ. ನನಗೆ ಸಾಕಾಗಿದೆ.”

ಅಡುಗೆಮನೆಗೆ ಬಂದು ನಲ್ಲಿ ಬಿಟ್ಟೆ. ಎಂಜಲು ಕೈ ಒಣಗಿಹೋಗಿತ್ತು. ಅಳು ಬಂತು, ಅತ್ತೆ. ಎಷ್ಟೋ ಹೊತ್ತಾದ ಮೇಲೆ ಹೊರಗೆ ಬಂದು ನೋಡಿದರೆ ಬೋರ್ಡನ್ನು ಪೂರ್ತಿ ಒರೆಸಿದ್ದರು, ಟ್ಯೂಷನ್ನಿನ ಅರ್ಧವನ್ನೂ. ಮುನಿಸಿಕೊಂಡರು ಎಂದುಕೊಂಡೆ. ಸಮಾಧಾನ ಮಾಡಲು ಹೋಗಲಿಲ್ಲ. ಆ ಸಂಜೆ, ಮರುದಿನ ಭಾನುವಾರ, ಇಬ್ಬರೂ ಉಪ್ಪು ಖಾರಕ್ಕೆ ಬೇಕಾದಷ್ಟೇ ಮಾತಾಡಿದೆವು.

ಸೋಮವಾರ ಶಾಲೆಯಿಂದ ಬಂದಾಗ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಇಂಟರ್‌ವ್ಯೂ ಇರಬೇಕು ಎಂದುಕೊಂಡೆ. ಅಟೆಸ್ಟ್ ಮಾಡಿಸಿದ ಮದುವೆ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ನಾನು ಅವರಿಗೆ ಸ್ಪಾನ್ಸರ್ ಆಗಲು ಬೇಕಾದ ಕಾಗದ ಅದು. ನಾನು ಮಾತಾಡದೆ ಸೂಟ್‌ಕೇಸಿನ ತಳದಿಂದ ತೆಗೆದು ಕೊಟ್ಟೆ. ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂಬ ಹೆದರಿಕೆ.

ವೀಸಾದ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್ ನಮ್ಮ ಮನೆಯಿಂದ ದೂರವಿಲ್ಲ. ಒಳಗೆ ಕೂತವರು ಕನ್ನಡ ಬಾರದವರಾಗಿರಲಿ ದೇವರೇ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೆಲಸ ಮುಗಿದುಹೋಗಲಿ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡೆ. ನನ್ನ ಬೇಡಿಕೆ ಯಾವತ್ತು ಫಲಿಸಿದೆ? ಕಂಪ್ಯೂಟರಿನ ಹಿಂದಿದ್ದ ನರೆಗಡ್ಡದವರು ನಮ್ಮಿಬ್ಬರ ಮಾತು ಕೇಳಿ ಮುಖವರಳಿಸಿ, ನೀವು ಕನ್ನಡದವರಾ, ನಮ್ಮದು ಭಟ್ಕಳ ಎಂದರು. ಇವರನ್ನು ಕುರ್ಚಿಯಲ್ಲಿ ಕೂರಿಸಿದರು. ನಾನು ಹಿಂದೆ ನಿಂತೆ. ಫ್ಯಾಮಿಲಿ ವೀಸಾ ಎಂದ ಕೂಡಲೇ ಅವರು ಕೈ ಚಾಚಿದ್ದು ಇವರ ಕಡೆಗೇ.

“ಸ್ಪಾನ್ಸರ್ ನೀವಲ್ವಾ ಸಾರ್? ನಿಮ್ಮ ಐಡಿ ಕೊಡಿ.”

ಇವರ ಕುತ್ತಿಗೆಯ ಹಿಂಭಾಗ ಕೆಂಪಾದದ್ದು ನನಗೆ ಕಾಣುತ್ತಿತ್ತು. ರುವೈಸಿನಿಂದ ಇನ್ನೂ ಫೋನ್ ಬಂದಿರಲಿಲ್ಲ. ಇವರು ಈಗಲೂ ‘ನೋಡೋಣ’ ಎಂದು ಎದ್ದುಬಿಡಬಹುದು ಅನ್ನಿಸಿತು. ಎದ್ದೂ ಬಿಟ್ಟರು.

“ನಾನಲ್ಲ. ಸ್ಪಾನ್ಸರ್ ನಮ್ಮನೆಯವರು. ಅವರ ಐಡಿ ತಗೊಳ್ಳಿ,” ಎಂದರು.

ಭಟ್ಕಳದವರು ನಗಲಿಲ್ಲ, ಹುಬ್ಬನ್ನೂ ಏರಿಸಲಿಲ್ಲ. ಹೌದಾ, ಹಾಗಾದ್ರೆ ಮೇಡಮ್ಮಿನ ಸಂಬಳದ ಸರ್ಟಿಫಿಕೇಟೂ ಬೇಕು ಎಂದು ಹೇಳಿ ಪರದೆಯ ಕಡೆ ತಿರುಗಿದರು. ಅಷ್ಟೇ. ಇವರು ತಾವು ಬಿಟ್ಟ ಕುರ್ಚಿಯನ್ನು ಎಳೆದು ನನ್ನ ಹತ್ತಿರ ತಂದು, ಕೂತ್ಕೋ ಎಂದರು. ಕೂತೆ. ಎಷ್ಟು ದಿನಗಳಿಂದ ಕಾಲು ಸೋತಿತ್ತು ಎಂದು ನನಗೆ ಗೊತ್ತಾದದ್ದು ಆಗ.