ಹರಿದ ಅಂಚಿನ ಪರದೆ

ಊಲ್ಕಾನ್ ಎಜೆ ಮೆಟ್ಟಿಲು ಹತ್ತುವಾಗ ಅವಳಿಗಿಂತ ಮೊದಲು ಅವಳ ಮೂಗು ಹತ್ತುತ್ತಿತ್ತು. ಯಾವ ಕೋಣೆಯಲ್ಲಿ ಕದ್ದು ಕರೆಂಟ್ ಒಲೆ ಹೊತ್ತಿಸಿದ್ದಾರೆ, ಯಾರು ಹೊಸ ಅತ್ತರು ಪೂಸಿಕೊಂಡಿದ್ದಾರೆ, ಪೂಸಿಕೊಂಡು ಎಲ್ಲಿಗೆ ಹೊರಟಿದ್ದಾರೆ, ಎಲ್ಲವನ್ನೂ ಮೂಗೇ ಹೇಳಿಬಿಡುತ್ತಿತ್ತು. ಕಿರ್ಗಿಜರ ನಾಡಿನ ನರೀನ್ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅವಳು ಕಮಾಂಡೆಂಟ್, ಅಂದರೆ ವಾರ್ಡನ್. ನಾನು ಅನಾರ್ಕಾನ್, ಕೆಳಗೆ ಬಾಗಿಲಲ್ಲಿ ಕೂರುವವಳು. ಊರೆಲ್ಲ ಅವಳನ್ನು ಎಜೆ, ಅಕ್ಕ, ಎಂದೇ ಕರೆಯುತ್ತಿತ್ತು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು, ಅವು ಇಲ್ಲಿ ಬೇಡ.

ಹಾಸ್ಟೆಲ್ಲು ಒಂದು ಹುಡುಗಿಗೆ ಕೊಡುತ್ತಿದ್ದದ್ದು ನಡು ಕುಸಿದ ಕಬ್ಬಿಣದ ಮಂಚ, ಬಾಗಿಲಿಲ್ಲದ ಅಲಮಾರು, ಬೋಳು ಬಲ್ಬು. ಉಳಿದದ್ದನ್ನು ಹುಡುಗಿಯರೇ ಹೊಂದಿಸಿಕೊಳ್ಳಬೇಕು. ಸೇಬಿನ ಪೆಟ್ಟಿಗೆ ಪುಸ್ತಕದ ಕಪಾಟಾಗುತ್ತಿತ್ತು. ಕಿಟಕಿಯ ಸಂದಿಗೆ ಹಿಟ್ಟಿನ ಅಂಟು ಬಳಿದು ಕಾಗದ ಮೆತ್ತುತ್ತಿದ್ದರು. ಅನುಕೂಲಸ್ಥರ ಮಕ್ಕಳಾದರೆ ತಾಯಿ ಕಟ್ಟಿಕೊಟ್ಟ ಕಂಬಳಿ, ಗೋಡೆಗೆ ತೂಗುಹಾಕುವ ಜಮಖಾನೆ ಬರುತ್ತಿದ್ದವು. ಇಲ್ಲದವರು ಹಳೇ ಸಾಮಾನಿನ ಸಂತೆ ಸುತ್ತುತ್ತಿದ್ದರು. ಹೊಸ ವಸ್ತು ಒಳಗೆ ಬಂದರೆ ಸಾಕು, ಎಜೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಎಲ್ಲಿಂದ ಬಂತು?" ಎನ್ನುತ್ತಿದ್ದಳು. ಉತ್ತರ ಸರಿಯಾಗಿದ್ದರೂ ನಂಬುತ್ತಿರಲಿಲ್ಲ.

ಅವಳ ಅನುಮಾನಕ್ಕೆ ಕಾರಣವಿತ್ತು. ಅವಳೂ ಹುಡುಗಿಯಾಗಿದ್ದಾಗ ಇದೇ ಹಾಸ್ಟೆಲ್ಲಿನಲ್ಲಿದ್ದಳು. ಜೊತೆಗಿದ್ದ ಗೆಳತಿ ಬಂದು, "ಕೆಳಗೆ ನಿನ್ನಣ್ಣ ಬಂದಿದ್ದಾನೆ ಕಣೇ" ಎಂದಳಂತೆ. ಇವಳು ಒಲೆಯ ಮೇಲೆ ಚಹಾ ಇಟ್ಟು, ಚಪ್ಪಲಿಯಲ್ಲೇ ಇಳಿದಳು. ಕೆಳಗೆ ಅಣ್ಣ ಇರಲಿಲ್ಲ, ಕಾರೊಂದಿತ್ತು, ಅದರ ತುಂಬ ಗಂಡಸರಿದ್ದರು. ಸಂಜೆಯೊಳಗೆ ಯಾರದೋ ಮನೆಯಲ್ಲಿ ಯಾವಳೋ ಮುದುಕಿ ಅವಳ ತಲೆಗೆ ಮದುಮಗಳ ಬಿಳಿ ವಸ್ತ್ರ ಕಟ್ಟಿದ್ದಳು. ನಮ್ಮಲ್ಲಿ ಹೀಗೆ ಎಷ್ಟೋ ಮದುವೆಗಳಾಗಿವೆ. ಅಲ್ಲಿಗೆ ಓದು ಮುಗಿಯಿತು. ಗಂಡ ಸತ್ತ ಮೇಲೆ ಅವಳು ತಿರುಗಿ ಬಂದದ್ದು ಇದೇ ಕಟ್ಟಡಕ್ಕೆ, ಸೊಂಟದಲ್ಲಿ ಬೀಗದ ಕೈ ಗೊಂಚಲು ಕಟ್ಟಿಕೊಂಡು. ಹಾಗಾಗಿ ಬಾಗಿಲಲ್ಲಿ ಕಾರು ನಿಂತರೆ ಅವಳು ಕಿಟಕಿಗೆ ಓಡುತ್ತಿದ್ದಳು. ಗೆಳತಿಯರ ಗುಸುಗುಸು ಕೇಳಿದರೆ ಮೈ ಉರಿಯುತ್ತಿತ್ತು.

ಆ ವರ್ಷ ಬೆಗಿಮಾಯ್ ಬಂದಳು. ಕಣಿವೆಯಾಚೆಯ ಕುರಿ ಕಾಯುವವರ ಹಳ್ಳಿ. ಕೈಯಲ್ಲೊಂದು ಚೀಲ, ಅರ್ಧ ಮೂಟೆ ಆಲೂಗಡ್ಡೆ, ಸುರುಳಿ ಸುತ್ತಿದ ಹಳೇ ಉಣ್ಣೆಗಂಬಳಿ, ಅಷ್ಟೇ. ಜೊತೆಯಲ್ಲಿ ಅಪ್ಪ ಸಗಿನ್, ಬಿಳಿ ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು ಮಾತಾಡಿದ.

"ಕಮಾಂಡೆಂಟ್ ನೀವೇನಾ? ಒಂದು ಕಣ್ಣಿಟ್ಟಿರಿ. ಇವಳನ್ನ ಕೇಳ್ತಿರೋ ಮನೆ ಒಂದಿದೆ. ಓದ್ತೀನಿ ಅಂತ ಅತ್ತು ಕರೆದು ಬಂದಿದಾಳೆ. ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ಒಂದು ಫೋನ್ ಮಾಡಿ, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ."

"ನನ್ನ ಕಣ್ಣು ತಪ್ಪಿಸಿ ಇಲ್ಲಿ ನೊಣಾನೂ ಹಾರಲ್ಲ" ಎಂದಳು ಎಜೆ. ಅವನಿಗೆ ಒಂದು ಬಟ್ಟಲು ಚಹಾ ಕೂಡ ಕೊಡಲಿಲ್ಲ. ಗಂಡಸರೆಂದರೆ ಅಪ್ಪಂದಿರೂ ಅವಳ ಲೆಕ್ಕದಲ್ಲಿ ಗಂಡಸರೇ.

ಮೊದಲ ವಾರಗಳಲ್ಲಿ ಬೆಗಿಮಾಯಳ ಮೂಲೆ ನೋಡಿದರೆ ಅಯ್ಯೋ ಎನಿಸುತ್ತಿತ್ತು. ಕಿಟಕಿಗೆ ಪರದೆಯಿಲ್ಲ, ಮಂಚದ ಜಾಲರಿಯ ಮೇಲೆ ಬರೀ ಆ ಕಂಬಳಿ. ಆಮೇಲೆ ಒಂದೊಂದೇ ಬರತೊಡಗಿತು. ಮೊದಲು ಬಟ್ಟಲುಗಳು. ಒಂದು ನೀಲಿ ಹೂವಿನದು, ಒಂದು ಚಿನ್ನದ ಗೆರೆಯದು, ಒಂದಕ್ಕೊಂದು ಜೋಡಿಯೇ ಇಲ್ಲ. ಆಮೇಲೆ ಕಿಟಕಿಗೆ ಪರದೆ. ಒಂದು ತುಂಡು ಹಸಿರು, ಒಂದು ಚುಕ್ಕಿಯದು, ಒಂದು ಕೆಂಪು, ಎಲ್ಲವೂ ಒಂದೇ ಅಳತೆಯವು, ಎಲ್ಲವೂ ಹೊಸವು, ಸಾಲಾಗಿ ಹೊಲಿದದ್ದು. ಅದೇ ಥರದ ತುಂಡುಗಳಿಂದ ದಿಂಬಿನ ಚೀಲ, ಮೇಜಿಗೆ ಹಾಸು.

"ಬಟ್ಟಲು ಕದ್ದಿದ್ದು" ಎಂದಳು ಎಜೆ ನನ್ನ ಮೇಜಿಗೆ ಮೊಣಕೈಯೂರಿ. "ಜೋಡಿ ಇಲ್ಲ ನೋಡು. ಕೊಂಡೋರು ಜೋಡಿ ಕೊಳ್ತಾರೆ."

"ಬಟ್ಟೆ?"

"ಬಟ್ಟೆ ಯಾರೋ ಕೊಡ್ತಿದಾನೆ."

"ಕೊಡೋನು ಪೂರ್ತಿ ಥಾನೇ ಕೊಡಲ್ವೇನೇ ಎಜೆ? ತುಂಡು ತುಂಡು ಕೊಡ್ತಾನಾ? ಜಿಪುಣನೇ ಇರಬೇಕು."

"ನಗು ನೀನು. ಕಾರು ನೋಡಿಲ್ವಾ?"

ನೋಡಿದ್ದೆ. ನೋಡದೆ ಏನು, ಬಾಗಿಲಲ್ಲಿ ಕೂರುವವಳು ನಾನೇ ತಾನೆ. ಒಂದು ಸಲ ಬಿಳಿ ಕಾರು, ಇನ್ನೊಂದು ಸಲ ಕರಿಯದು, ಒಮ್ಮೆ ಜೀಪು. ಯಾವನೋ ಗಂಡಸು ಇಳಿದು, ತಲೆ ತಗ್ಗಿಸಿ, ಬೆಗಿಮಾಯಳನ್ನು ಕರೆಸಿ ಎನ್ನುತ್ತಿದ್ದ. ಇವಳು ಮದುವೆಯಾದವಳ ಹಾಗೆ ತಲೆಗೆ ಗಾಢ ಬಣ್ಣದ ವಸ್ತ್ರ ಬಿಗಿದುಕೊಂಡು ಇಳಿದು ಬರುತ್ತಿದ್ದಳು. ವಾಪಸು ಬರುವಾಗ ಕಣ್ಣು ಊದಿ ಕೆಂಪಾಗಿರುತ್ತಿತ್ತು, ಗಂಟಲು ಕಟ್ಟಿರುತ್ತಿತ್ತು, ಕಂಕುಳಲ್ಲೊಂದು ಪುಟ್ಟ ಗಂಟು. "ಎಲ್ಲಿಗೇ ಹೋಗಿದ್ದೆ?" ಎಂದರೆ "ಸಂಬಂಧಿಕರ ಮನೆಗೆ ಎಜೆ" ಎಂದು ಪಿಸುಗುಟ್ಟುತ್ತಿದ್ದಳು. ನನಗೂ ಇದು ಸರಿಯೆನಿಸಲಿಲ್ಲ. ಅಳಿಸುವ ಗಂಡಸು, ಅತ್ತಾದ ಮೇಲೆ ಬಟ್ಟೆ ಕೊಟ್ಟು ಕಳಿಸುವ ಗಂಡಸು, ಅಂಥವರನ್ನು ನಾನು ಕಂಡಿಲ್ಲವೇ?

ಎಜೆ ಒಂದು ದಿನ ಅವಳನ್ನು ಮೆಟ್ಟಿಲಲ್ಲೇ ತಡೆದಳು.

"ನಿಮಗೆ ಎಷ್ಟು ಜನ ಸಂಬಂಧಿಕರೇ? ವಾರಕ್ಕೊಂದು ಕಾರು!"

"ಬಹಳ ಜನ ಎಜೆ."

"ಎಲ್ರೂ ಅಳಿಸ್ತಾರಾ ನಿನ್ನ?"

"ನಿಮ್ಮಪ್ಪಂಗೆ ಫೋನ್ ಮಾಡ್ಲಾ?" ಎಂದಳು ಎಜೆ. ಅಪ್ಪನ ಹೆಸರೆತ್ತಿದ ಕೂಡಲೇ ಹುಡುಗಿಯ ಮುಖ ಬಿಳಿಚಿಕೊಂಡಿತು. ತಪ್ಪು ಮಾಡದವರಿಗೆ ಮುಖ ಬಿಳಿಚಿಕೊಳ್ಳುವುದೇಕೆ ಎಂದು ಎಜೆ ಅಂದೆಲ್ಲ ನನ್ನ ಕಿವಿ ಕೊರೆದಳು.

ಚಳಿ ಇಳಿದ ಮೇಲೆ ಮಖಮಲ್ಲಿನ ಹಾಸಿಗೆ ಬಂತು. ಕಡುಗೆಂಪು, ದಪ್ಪ, ಹೊಸದು. ನಮ್ಮ ಕಡೆ ಅಂಥ ಹಾಸಿಗೆ ಮದುಮಗಳ ಗಂಟಿನಲ್ಲೇ ಇರುತ್ತದೆ. ಎಜೆ ಅದನ್ನು ಮುಟ್ಟಿ ನೋಡಿ ಮಂಚದ ಅಂಚಿಗೆ ಕುಕ್ಕರಿಸಿದಳು. "ಮುಗೀತು ಅನಾರ್ಕಾನ್. ಈ ಹುಡುಗೀನ ಎತ್ಕೊಂಡು ಹೋಗೋಕೆ ಗಂಟು ಕಟ್ತಿದಾರೆ. ಇಲ್ಲ, ಗುಟ್ಟಾಗಿ ಮದುವೆ ಆಗಿಹೋಗಿದೆ. ನನ್ನ ಸೂರಿನ ಕೆಳಗೆ! ಇನ್ನೊಂದು ಸಲ ನಾನು ನೋಡ್ತಾ ಕೂರಲ್ಲ" ಎಂದಳು. ಅಲ್ಲಿಂದಲೇ ಸಗಿನ್‌ಗೆ ಫೋನ್ ಮಾಡಿದಳು. ಈಗಲೇ ಹೊರಟೆ, ಮಧ್ಯಾಹ್ನದ ಹೊತ್ತಿಗೆ ಬಂದೆ ಎಂದನಂತೆ ಅವನು.

ಫೋನಿಟ್ಟು ಕೆಳಗಿಳಿದರೆ ಬೆಗಿಮಾಯ್ ವಸ್ತ್ರ ಕಟ್ಟಿಕೊಂಡು ಕಾರು ಹತ್ತುತ್ತಿದ್ದಾಳೆ! ಎಜೆ ಬಾಗಿಲಿಗೆ ಬೀಗ ಜಡಿದು, ನನ್ನ ತೋಳು ಹಿಡಿದೆಳೆದು, ಎದುರಿಗೆ ಬಂದ ಬಾಡಿಗೆ ಕಾರಿಗೆ ಕೈ ಅಡ್ಡ ಹಿಡಿದಳು. "ಆ ಕಾರಿನ ಬಾಲ ಹಿಡಿ" ಎಂದಳು ಚಾಲಕನಿಗೆ.

ಕಾರು ನದಿ ದಾಟಿ, ಕೊನೆಯ ಬೀದಿಯ ಮನೆಯೊಂದರ ಮುಂದೆ ನಿಂತಿತು. ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತ್ತು. ಅದರ ಮುಂದೆ ಗಂಡಸರು ಸಾಲಾಗಿ ಕೋಲೂರಿ ಬಗ್ಗಿ ಗೊಳೋ ಎನ್ನುತ್ತಿದ್ದರು. ದೊಡ್ಡ ಕಡಾಯಿಯಲ್ಲಿ ಕುದುರೆ ಮಾಂಸ ಬೇಯುತ್ತಿತ್ತು. ಸಾವಿನ ಮನೆ. ಅಷ್ಟರಲ್ಲಿ ಗುಡಾರದೊಳಗಿಂದ ಕೊಶೋಕ್ ಎದ್ದಿತು, ಸತ್ತವರನ್ನು ಹಾಡಿ ಅಳುವ ಹಾಡು. ಗಂಟಲು ಕಟ್ಟಿದ, ಎಳೆಯ ದನಿ. ಅದು ಬೆಗಿಮಾಯಳದೆಂದು ನನ್ನ ಕಿವಿಗೆ ಕೂಡಲೇ ಗೊತ್ತಾಯಿತು.

ಹೆಂಗಸರು ಅಂಥ ಗುಡಾರದೊಳಗೆ ಸುಮ್ಮನೆ ಹೋಗುವಂತಿಲ್ಲ, ಅಳುತ್ತಲೇ ಹೋಗಬೇಕು. ನನ್ನ ಕಣ್ಣಿಗೆ ನೀರು ಬರಿಸಿಕೊಳ್ಳುವುದು ಎಡಗೈ ಆಟ, ಆದರೆ ಊಲ್ಕಾನ್ ಎಜೆ ಅತ್ತದ್ದನ್ನು ನಾನು ಕಂಡೇ ಇರಲಿಲ್ಲ. ಅವಳು ಹೊಸಿಲಲ್ಲಿ ಬಾಯಿ ತೆರೆದಳು, ದನಿ ಬರಲಿಲ್ಲ, ಹಾಗೇ ಒಳಗೆ ಹೋಗಿ ಕುಳಿತಳು. ಮನೆಯ ಸೊಸೆಯರು ಗೋಡೆಗೆ ಮುಖ ಮಾಡಿ ಕೂತಿದ್ದರು. ನಡುವೆ ಬೆಗಿಮಾಯ್ ಸತ್ತ ಮುದುಕಿಯ ಹೆಸರು ಹಿಡಿದು, ಅವಳು ಹೆತ್ತ ಮಕ್ಕಳು, ಕಾಯಿಸಿದ ಹಾಲು, ದಾಟಿದ ಚಳಿಗಾಲ ಎಲ್ಲವನ್ನೂ ಹಾಡುತ್ತಿದ್ದಳು. ಪಕ್ಕದವಳು ನನ್ನ ಕಿವಿಯಲ್ಲಿ, "ಈ ಮನೇಲಿ ಪೇಟೆಯ ಸೊಸೆಯಂದಿರು, ಹಾಡಿ ಅಳೋಕೆ ಬರಲ್ಲ. ಇಂಥೋರೆಲ್ಲ ಈ ಹುಡುಗೀನ ಕರೆಸ್ತಾರೆ. ಅಜ್ಜಿಯಿಂದ ಕಲ್ತಿದಾಳಂತೆ" ಎಂದಳು.

ಹೊರಡುವಾಗ ಎಲ್ಲ ಹೆಂಗಸರ ಕೈಗೂ ಜಿರ್ತಿಶ್ ಇಟ್ಟರು. ತುಂಬು ಬಾಳು ಬಾಳಿ ಸತ್ತವರ ಮನೆಯಲ್ಲಿ, ಅವರ ಆಯುಸ್ಸು ನಿಮಗೂ ಬರಲಿ ಎಂದು ಕೈಯಿಂದಲೇ ಹರಿದು ಹಂಚುವ ಬಟ್ಟೆ ಅದು. ಎಜೆ ತನ್ನ ತುಂಡನ್ನು ಹಿಡಿದು ಅದರ ನೂಲು ನೂಲಾದ ಅಂಚನ್ನೇ ನೋಡಿದಳು. ಕಿಟಕಿಯ ಪರದೆ ಅವಳಿಗೆ ಆಗ ಅರ್ಥವಾಯಿತು. ಬಟ್ಟಲುಗಳೂ ಅರ್ಥವಾದವು. ದೀರ್ಘಾಯುಷಿಗಳ ಸಾವಿನೂಟದ ಮನೆಯಿಂದ ಒಳ್ಳೆಯ ಶಕುನಕ್ಕೆಂದು ಒಂದೊಂದೇ ಎತ್ತಿಕೊಂಡು ಬರುವ ಬಟ್ಟಲಿಗೆ ಜೋಡಿ ಎಲ್ಲಿರುತ್ತದೆ?

"ಹಾಸಿಗೆ?" ಎಂದಳು ಎಜೆ, ಬೆಗಿಮಾಯಳನ್ನು ಕರೆದುಕೊಂಡು ಬರುವ ದಾರಿಯಲ್ಲಿ. ಸೋತರೂ ಅನುಮಾನ ಬಿಡಲಿಲ್ಲ.

"ಹಿಂದಿನ ವಾರದ ಮನೆಯೋರು ಕೊಟ್ರು ಎಜೆ. ಅಜ್ಜನಿಗೆ ಅಂತ ಹೊಲಿಸಿದ್ರಂತೆ, ಅವರು ಮಲಗೋಕೆ ಮುಂಚೆ ಹೋಗಿಬಿಟ್ರು." ಅಷ್ಟು ಹೇಳಿ ಹುಡುಗಿ ಎಜೆಯ ಕೈ ಹಿಡಿದಳು. "ಅಪ್ಪಂಗೆ ಮಾತ್ರ ಹೇಳ್ಬೇಡಿ. ಅಪ್ಪ ನಾನಿನ್ನೂ ಬದುಕಿದೀನಿ, ಮದುವೆಯಾಗದ ಮಗಳು ಕಂಡೋರ ಹೆಣಕ್ಕೆ ಅಳ್ತಾಳೆ, ನನ್ನ ಸಾವನ್ನೇ ಕರೀತಾಳೆ ಅಂತ ಅಂದುಬಿಡ್ತಾರೆ. ಅವತ್ತೇ ಆ ಮನೆಗೆ ಕೊಟ್ಟುಬಿಡ್ತಾರೆ."

ಕೊಕುಯ್, ಅಯ್ಯೋ! ಎಂದೆ ನಾನು. ಅಪ್ಪ ಆಗಲೇ ಅರ್ಧ ದಾರಿ ಬಂದಿದ್ದ.

ಬೀಗ ಹಾಕಿದ ಹಾಸ್ಟೆಲ್ಲಿನ ಮುಂದೆ, ಹೊರಗೆ ನಿಂತು ಬೈಯುತ್ತಿದ್ದ ಹುಡುಗಿಯರ ನಡುವೆ, ಸಗಿನ್ ನಿಂತಿದ್ದ. ಮಗಳತ್ತ ನೋಡದೆ, "ಕೋಣೆ ತೋರಿಸಿ" ಎಂದ. ಎಜೆ ಮುಂದೆ, ಅವನು ಹಿಂದೆ, ಹುಡುಗಿ ಅವನ ಹಿಂದೆ. ಕುರಿಗಳ ಸಾಲಿನ ಹಾಗೆ ಹತ್ತಿದೆವು. ಅವನು ಬಾಗಿಲಲ್ಲಿ ನಿಂತು ಮಖಮಲ್ಲಿನ ಹಾಸಿಗೆ ನೋಡಿದ.

"ಇದೆಲ್ಲ ನಾನು ಕೊಟ್ಟಿದ್ದು" ಎಂದಳು ಎಜೆ. ಹುಟ್ಟಿದಾಗಿನಿಂದ ಬೇರೆಯವರ ಸುಳ್ಳು ಹಿಡಿದವಳು, ತನ್ನ ಸುಳ್ಳು ಹೇಳಲು ಬಾರದೆ ಗೋಡೆ ನೋಡುತ್ತಿದ್ದಳು. "ಫೋನಲ್ಲಿ ಹೇಳಿದ್ದು ತಪ್ಪು. ಬೇರೆ ಹುಡುಗಿ ಅಂದ್ಕೊಂಡಿದ್ದೆ."

"ನೀವು ಕೊಟ್ರಾ? ಬಾಗಿಲಿಗೆ ಬಂದೋನಿಗೆ ಚಹಾ ಕೊಡದೋರು ಹಾಸಿಗೆ ಕೊಟ್ರಾ?"

ಅವನು ಕಿಟಕಿಯ ಬಳಿ ಹೋಗಿ ಪರದೆಯ ಅಂಚನ್ನು ಬೆರಳಲ್ಲಿ ಹೊರಳಿಸಿದ. ಹೊಲಿಗೆ ಬಿಟ್ಟ ಕಡೆ ಹರಿದ ನೂಲು ಇಣುಕುತ್ತಿತ್ತು. ಒಂದು ತುಂಡು ಮುಟ್ಟಿದ, ಇನ್ನೊಂದು ಮುಟ್ಟಿದ. ಕುರುಬನೇ ಇರಲಿ, ಎಂಥ ಕಿರ್ಗಿಜನಿಗಾದರೂ ಆ ಅಂಚು ಗೊತ್ತು. ಬೆಗಿಮಾಯ್ ಅಲಮಾರಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

"ನಮ್ಮಮ್ಮನ ಧಾಟೀಲೇ ಹಾಡ್ತೀಯಾ?" ಎಂದ, ತಿರುಗದೆಯೇ.

"ಹೂಂ ಅಪ್ಪ. ಅಜ್ಜಿ ಹಾಡ್ತಿದ್ದದ್ದೇ."

"ಇದೆಲ್ಲ ತುಂಬಾ ವಯಸ್ಸಾದೋರದೇನಾ?"

"ಎಲ್ಲಾ ಮುದುಕರದೇ. ಚಿಕ್ಕೋರ ಸಾವಿಗೆ ನಾನು ಹೋಗಲ್ಲ ಅಪ್ಪ."

ಅವನು ಮಂಚದ ಮೇಲೆ ಕುಳಿತು ಟೋಪಿ ತೆಗೆದ. "ಯಾವನೋ ಕಾರು ಕಳಿಸ್ತಿದಾನೆ ಅಂತ ದಾರಿಯುದ್ದಕ್ಕೂ ಹಲ್ಲು ಕಡ್ಕೊಂಡು ಬಂದೆ" ಎಂದ. "ಇಲ್ಲಿ ನೋಡಿದ್ರೆ ಊರಿನ ಮುದುಕರ ಆಯುಸ್ಸನ್ನೆಲ್ಲ ಕಿಟಕಿಗೆ ತೂಗಿಹಾಕಿದಾಳೆ. ಇದನ್ನ ಕಿತ್ತರೆ ನಂಗೆ ಒಳ್ಳೇದಾಗುತ್ತಾ?" ಅವನಿಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಓದು ಮುಗಿಯುವವರೆಗೆ ಆ ಮನೆಯವರಿಗೆ ಮಾತು ಕೊಡುವುದಿಲ್ಲ ಎಂದ. ಎಜೆ ಅವನಿಗೆ ನೀಲಿ ಹೂವಿನ ಬಟ್ಟಲಲ್ಲಿ ಚಹಾ ಕೊಟ್ಟಳು, ಅವನು ಅದನ್ನು ಮೂಸಿ ನೋಡಿ ಕುಡಿದ.

ಅವನನ್ನು ಕಳಿಸಿದ ಮೇಲೂ ಎಜೆ ಕೋಣೆಯಿಂದ ಕದಲಲಿಲ್ಲ. ಸೊಂಟದ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹೆಣ್ಣನ್ನ ಗಂಡನ ಮನೆಗೆ ಕಳಿಸುವಾಗಲೂ ತಾಯಂದಿರು ಕೊಶೋಕ್ ಹಾಡ್ತಾರಲ್ಲ, ಅದು ಬರುತ್ತಾ ನಿಂಗೆ?" ಎಂದಳು.

"ಬರುತ್ತೆ ಎಜೆ. ಯಾರ ಮದುವೆ?"

"ನಂದು."

ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಗಿಲು ಹಾಕಿದೆ.

"ಈ ಕೋಣೆಯಿಂದಲೇ ಇಳಿದು ಹೋದೆ" ಎಂದಳು ಎಜೆ. "ಒಲೆ ಮೇಲೆ ಚಹಾ ಇತ್ತು. ಯಾರೂ ಏನೂ ಹಾಡಲಿಲ್ಲ. ನಮ್ಮಮ್ಮನಿಗೆ ಮಾರನೇ ದಿನ ಗೊತ್ತಾಯ್ತು."

ಬೆಗಿಮಾಯ್ ಅವಳ ಪಕ್ಕ ಕುಳಿತು, ಕಟ್ಟಿದ ಗಂಟಲಿನಲ್ಲೇ ಶುರು ಮಾಡಿದಳು. ಊಲ್ಕಾನ್ ಎಂದು ಹೆಸರು ಹಿಡಿದು ಕರೆದಳು. ನನ್ನ ಮಗಳೇ, ಹೊಸಿಲು ದಾಟುವ ನನ್ನ ಮರಿಯೇ, ಎಂದಳು. ಗುಡಾರದ ಹೊಸಿಲಲ್ಲಿ ಬಾರದ ದನಿ ಎಜೆಗೆ ಈಗ ಬಂತು. ಮಖಮಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು, ಕೂಸಿನ ಹಾಗೆ ಬಾಯಿ ಬಿಟ್ಟು ಅತ್ತಳು. ನಾನೂ ಅತ್ತೆ, ಈ ಸಲ ಬರಿಸಿಕೊಂಡದ್ದಲ್ಲ.

ಹಾಡು ಮುಗಿದ ಮೇಲೆ ಎಜೆ ಬೆಳಿಗ್ಗೆ ಸಿಕ್ಕಿದ್ದ ಜಿರ್ತಿಶ್ ತುಂಡನ್ನು ಕಿಸೆಯಿಂದ ತೆಗೆದಳು. ಪರದೆ ಕಿಟಕಿಯ ಬಲಗಡೆ ಒಂದು ಗೇಣು ಸಾಲದೆ ಗಾಳಿ ಬರುತ್ತಿತ್ತು. "ಸೂಜಿ ಕೊಡೇ" ಎಂದು ಕೇಳಿ, ಕನ್ನಡಕ ಏರಿಸಿ, ಅದನ್ನು ಅಲ್ಲಿಗೆ ತಾನೇ ಹೊಲಿಯಲು ಕೂತಳು.