ಮಂಗಳಮ್ಮನ ಕಾರು, ಅತ್ತೆಯ ಕಾಲು

ನಂಜನಗೂಡಿನ ಸುತ್ತಲ ಹಳ್ಳಿಗಳಲ್ಲಿ ನರ್ಸ್ ಮಂಗಳಮ್ಮನ ಹೆಸರೆತ್ತಿದರೆ ಮೀಸೆ ಬಂದ ಗಂಡಸರೂ ಒಮ್ಮೆ ತೋಳು ಸವರಿಕೊಳ್ಳುತ್ತಾರೆ. ಎಷ್ಟೋ ವರ್ಷ ಮೊಪೆಡ್ ಮೇಲೆ ತಿರುಗಿ ಅವರಿಗೆಲ್ಲ ಸೂಜಿ ಚುಚ್ಚಿದವಳು ನನ್ನ ಅಕ್ಕ.

2003ರಲ್ಲಿ, ಐವತ್ತರ ಹೊಸ್ತಿಲಲ್ಲಿ ಅಕ್ಕ ಕಾರು ಓಡಿಸಲು ಕಲಿತಳು. ಅದಕ್ಕೆ ಕಾರಣ ಅವಳ ಅತ್ತೆ ಚಿಕ್ಕಬಸಮ್ಮನ ಬಲಗಾಲು. ಮಂಡಿ ಮಡಿಸಲಾಗದೆ ಮುದುಕಿ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಳು. ಆಟೋದಲ್ಲಿ ಕೂರಿಸಿದರೆ ಕಾಲು ಹೊರಗೆ ಚಾಚಿಕೊಂಡು ಎದುರಿಗೆ ಬಂದ ಲಾರಿಗಳಿಗೆಲ್ಲ ಸಿಗ್ನಲ್ ಕೊಡುತ್ತಿತ್ತು. ತವರೂರು ತಗಡೂರನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

"ಅತ್ತೇನ ನಾನೇ ತಗಡೂರಿಗೆ ಕರ್ಕಂಡೋಯ್ತೀನಿ" ಎಂದಳು ಅಕ್ಕ. ಯಾವ ಕಾರಿನಲ್ಲಿ ಎಂಬುದೇ ಜಗಳ.

ಒಂದೇ ಕಂಪನಿಯ, ಹಿಂದೆ ಡಿಕ್ಕಿ ಇರುವ ಎರಡು ಕಾರುಗಳು ಅವರ ಕಣ್ಣಲ್ಲಿದ್ದವು. ದೊಡ್ಡದರ ಹಿಂದಿನ ಸೀಟಿನಲ್ಲಿ ಅತ್ತೆ ಕಾಲು ನೀಟಿಕೊಂಡು ಕೂರಬಹುದು ಎಂದು ಅಕ್ಕ. ಚಿಕ್ಕದು ಮೈಲೇಜು ಕೊಡುತ್ತದೆ ಎಂದು ಬಾವ ನಾಗಯ್ಯ. ಬಾವ ಎಂಥ ಜಿಪುಣರೆಂದರೆ, ಹೆಂಡತಿ ಕೋಣೆ ದಾಟುವ ಮೊದಲೇ ಹಿಂದಿನಿಂದ ಬಂದು ಲೈಟು ಆರಿಸುವವರು.

ತೀರ್ಪುಗಾರ ನಾನು. ಇದ್ದದ್ದು ಒಂದು ಹಳೇ ಸ್ಕೂಟರಾದರೂ ಕಾರಿನ ಪತ್ರಿಕೆ ತಪ್ಪದೆ ತರಿಸುತ್ತಿದ್ದೆ.

"ದೊಡ್ಡದು ಸೊನ್ನೆಯಿಂದ ನೂರಕ್ಕೆ ಹನ್ನೊಂದೇ ಸೆಕೆಂಡು ಅಕ್ಕ. ಪರ್ಫಾರ್ಮೆನ್ಸ್ ಅಂದ್ರೆ ಅದು!"

"ಮಧ್ಯದಲ್ಲಿ ಎಮ್ಮೆ ಬಂದ್ರೆ?"

ಪತ್ರಿಕೆಯಲ್ಲಿ ಎಮ್ಮೆಯ ವಿಷಯ ಇರಲಿಲ್ಲ.

ಕೊನೆಗೆ ಟ್ಯಾಕ್ಸಿ ಸ್ಟ್ಯಾಂಡಿನ ನಿಂಗರಾಜು ತನ್ನಲ್ಲಿದ್ದ ಅವೇ ಎರಡು ಕಾರುಗಳನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟ. ನಂಜನಗೂಡಿನ ಬಂಕಿನಲ್ಲಿ ಎರಡಕ್ಕೂ ಕಂಠಮಟ್ಟ ಪೆಟ್ರೋಲು ತುಂಬಿಸುವುದು, ಟಿ. ನರಸೀಪುರಕ್ಕೆ ಹೋಗಿ ಬಂದು ಮತ್ತೆ ತುಂಬಿಸುವುದು. ಯಾವುದು ಕಡಿಮೆ ಕುಡಿದಿದೆಯೋ ಆ ಕಡೆಯವರು ಹೇಳಿದ ಕಾರು ಮನೆಗೆ. ಚಿಕ್ಕದನ್ನು ಬಾವ ಹಿಡಿದರು. ದೊಡ್ಡದಕ್ಕೆ ಅಕ್ಕ, ಪಕ್ಕದಲ್ಲಿ ತೀರ್ಪುಗಾರ.

ಮೇ ತಿಂಗಳ ಬಿಸಿಲು. ಏಸಿ ಹಾಕೋಣವೆಂದು ಪರಿಣತನಾದ ನಾನು ಒಂದು ಗುಂಡಿ ಒತ್ತಿದೆ. ವೈಪರು ಅಲ್ಲಾಡಿತು. ಇನ್ನೊಂದನ್ನು ಒತ್ತಲು ಕೈ ಚಾಚಿದಾಗ ಅಕ್ಕ ಕೈಗೆ ಫಟ್ಟನೆ ಬಾರಿಸಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಅವಚಿಕೊಂಡು ಬೆವರಿಳಿಸುತ್ತಾ ಓಡಿಸಿದಳು. ನಾಲ್ಕನೇ ಗೇರು ಬಿದ್ದದ್ದೇ ತಡ, ನರಸೀಪುರದವರೆಗೂ ಅದನ್ನು ಬದಲಾಯಿಸುವ ಧೈರ್ಯ ಅವಳಿಗೂ ಬರಲಿಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ. ಎತ್ತಿನ ಗಾಡಿಯ ಮೇಲೂ ಕೋಪವಿಲ್ಲ, ಬಸ್ಸಿನ ಮೇಲೂ ಹಟವಿಲ್ಲ; ಕಾರು ಒಂದೇ ಸಮನೆ ಗುಂಯ್ ಎನ್ನುತ್ತಾ ಹೋಯಿತು.

ನರಸೀಪುರದಲ್ಲಿ ಹೋಟೆಲು ಕಂಡಿತು. "ಅಕ್ಕ, ಕಾಫಿ..."

"ನಿಲ್ಸಿದ್ರೆ ಮತ್ತೆ ಎತ್ತಕ್ಕೆ ನಿಂಗೆ ಬತ್ತದಾ?"

"ಇಲ್ಲ."

"ನಂಗೂ ಡೌಟು. ಸುಮ್ಕೆ ಕೂತ್ಕ."

ಎರಡನೇ ಗೇರಿನಲ್ಲಿ, ದೇವರ ಹೆಸರಿನಲ್ಲಿ, ಖಾಲಿ ಮೈದಾನವೊಂದನ್ನು ಸುತ್ತುಹಾಕಿ ನಿಲ್ಲದೆಯೇ ಹಿಂದಿರುಗಿದಳು. ಕಾಫಿಯ ವಾಸನೆ ಮಾತ್ರ ನನ್ನ ಪಾಲಿಗೆ ಬಂತು.

ವಾಪಸು ಬರುವಾಗ ಹದಿನಾರು ಎಂಬ ಊರಿನ ಹತ್ತಿರ ಹುಣಸೇಮರದ ಕೆಳಗೆ ಬಾವನ ಕಾರು ನಿಂತಿತ್ತು. ಇನ್ನೂ ನರಸೀಪುರವನ್ನೇ ಮುಟ್ಟಿರಲಿಲ್ಲ! ಅದರ ಸುತ್ತ ಜನ ಸಾಲುಗಟ್ಟಿದ್ದರು. ಒಳಗೆ ಹಿಂದಿನ ಸೀಟಿನಲ್ಲಿ ನಾಲ್ವರು, ಮುಂದೆ ಇಬ್ಬರು. ಅವರು ಇಳಿದರೆ ಇನ್ನಾರು ಮಂದಿ. ಇಂಜಿನ್ ಓಡುತ್ತಲೇ ಇತ್ತು.

"ಕೂತ್ಕಳಿ, ಕೂತ್ಕಳಿ! ಬಾಗ್ಲು ಆಕ್ಕಳಿ, ತಂಪು ಓಯ್ತದೆ!" ಎಂದು ಬಾವ ಕೂಗುತ್ತಿದ್ದದ್ದು ನಮಗೂ ಕೇಳಿಸಿತು. ಅಕ್ಕ ಹಾರನ್ ಹೊಡೆದಳೇ ಹೊರತು ನಿಲ್ಲಿಸಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲವಲ್ಲ.

ಬಂಕಿನಲ್ಲಿ ಕಾದು ಕಾದು ಸಾಕಾದ ಮೇಲೆ ಬಾವ ಬಂದರು. ಕಾರಿನಿಂದ ಮೊದಲು ರಸಬಾಳೆ ಗೊನೆ ಇಳಿಯಿತು, ಆಮೇಲೆ ದಾರಿಯುದ್ದಕ್ಕೂ ಹತ್ತಿಸಿಕೊಂಡ ನೆಂಟರು, ಕೊನೆಗೆ ಬಾವ. ಪೆಟ್ರೋಲು ತುಂಬಿಸಿದರೆ ಚಿಕ್ಕ ಕಾರು ಕುಡಿಯುತ್ತಲೇ ಇದೆ! ದೊಡ್ಡದಕ್ಕಿಂತ ಎರಡು ಲೀಟರು ಜಾಸ್ತಿ.

"ಮನೇಲಿ ಫ್ಯಾನೂ ಒಂದರಲ್ಲೇ ತಿರುಗ್ಬೇಕು ನಿಮ್ಗೆ. ಊರಿಗೆಲ್ಲ ಏಸಿ ಅಂಚ್ಕಂಡ್ ಬಂದ್ರಾ?" ಎಂದಳು ಅಕ್ಕ.

"ಜನ ಸೆಕೇಲಿ ಬೇಯ್ತಾ ಅವ್ರೆ ಕಣೇ. ಇದು ತಣ್ಣಗೆ ಗಾಳಿ ಬಿಡ್ತಾ ಅದೆ. ನಾನೊಬ್ನೇ ಕೂತು ಅನುಭವಿಸಕ್ಕಾಯ್ತದಾ? ಕೇಳು ಬಾಮೈದ, ನೀನೇ ನ್ಯಾಯ ಏಳು."

ತೀರ್ಪುಗಾರ ಬಾಳೆಹಣ್ಣು ಸುಲಿಯುತ್ತಿದ್ದ.

ಗೆದ್ದ ದೊಡ್ಡ ಕಾರನ್ನು ಮನೆ ಮುಂದೆ ನಿಲ್ಲಿಸಿ, ಅಕ್ಕ ಹಿಂದಿನ ಬಾಗಿಲು ತೆರೆದು ಅತ್ತೆಯನ್ನು ಕರೆದಳು. ಸೋತ ಕಾರೂ ಹಿಂದೆಯೇ ನಿಂತಿತ್ತು. ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸುವುದೇ ಮರ್ಯಾದೆ. ಸಾಹೇಬರುಗಳು ಕೂರುವುದು ಅಲ್ಲೇ ತಾನೆ? ಚಿಕ್ಕಬಸಮ್ಮ ಕೋಲೂರಿಕೊಂಡು ಇಣುಕಿ ನೋಡಿದಳು.

"ಇಂದ್ಗಡೆ ಕೂತ್ರೆ ತಗಡೂರೋರ್ ಕಣ್ಗೆ ನಾನ್ ಎಂಗವ್ವ ಬೀಳೋದು? ಮುಂದ್ಗಡೆ ಕೂರ್ಸು."

ಕೀಲಿಗಾಗಿ ಬಂದಿದ್ದ ನಿಂಗರಾಜು ಮುಂದಿನ ಸೀಟಿನ ಕೆಳಗೆ ಕೈಹಾಕಿ ಏನನ್ನೋ ಎಳೆದ. ಸೀಟು ಸರ್ರನೆ ಹಿಂದಕ್ಕೆ ಜಾರಿತು. ಮುದುಕಿ ಕೂತು ಕಾಲು ಚಾಚಿದಳು. ಪೂರಾ ಹಿಡಿಸಿತು.

ಬಾವ ಚಿಕ್ಕ ಕಾರಿನ ಮುಂದಿನ ಸೀಟನ್ನೂ ಹಾಗೇ ಎಳೆದು, ಅವ್ವನನ್ನು ಕೈಹಿಡಿದು ಅದಕ್ಕೆ ದಾಟಿಸಿದರು. ಅಲ್ಲೂ ಹಿಡಿಸಿತು!

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಲು ಯಾರದೋ ಅವರನ್ನು ಒಂದು ಮಾತು ಕೇಳಬೇಕೆಂದು ನನ್ನ ಪತ್ರಿಕೆಯ ಯಾವ ಸಂಚಿಕೆಯೂ ಹೇಳಿರಲಿಲ್ಲ.

"ಗೆದ್ದೋಳು ನಾನು, ತೀರ್ಪು ಏಳೋಳೂ ನಾನು" ಎಂದಳು ಅಕ್ಕ. "ಚಿಕ್ಕದೇ ತಕ್ಕಳಿ. ತಿರುಗ್ಸಕ್ಕೆ ಅಷ್ಟು ದೊಡ್ಡ ಮೈದಾನ ಬ್ಯಾಡ."

ಎರಡು ವಾರದ ಮೇಲೆ ಬಂದ ಹೊಸ ಚಿಕ್ಕ ಕಾರು ಚಕ್ರದಡಿಯ ನಿಂಬೆಹಣ್ಣುಗಳನ್ನು ಜಜ್ಜಿ ನೇರ ತಗಡೂರಿಗೆ ಹೊರಟಿತು. ಮುಂದೆ ಅತ್ತೆ ಸೊಸೆ, ಮರ್ಯಾದೆ ಸೀಟಿನಲ್ಲಿ ಬಾವ ಮತ್ತು ನಾನು. ಊರು ಬಂದದ್ದೇ ಚಿಕ್ಕಬಸಮ್ಮ ಗಾಜು ಇಳಿಸಿದಳು. ಪ್ರತಿ ಮನೆ ಮುಂದೆಯೂ "ನಿಲ್ಸವ್ವ" ಎನ್ನುವಳು. ಅಷ್ಟರಲ್ಲಿ ಅಕ್ಕ ನಿಲ್ಲಿಸುವುದನ್ನು ಚೆನ್ನಾಗಿ ಕಲಿತಿದ್ದಳು. ಮುದುಕಿ ಕಿಟಕಿಯಿಂದ ಕೈ ಹೊರಹಾಕಿ, "ಯಾರು ಓಡುಸ್ತಾ ಅವ್ರೆ ನೋಡವ್ವ, ನನ್ ಸೊಸೆ ಕನಾ!" ಎನ್ನುತ್ತಿದ್ದಳು. ತೆರೆದ ಗಾಜಿನಿಂದ ಏಸಿ ತಗಡೂರಿನ ಬೀದಿಗೆಲ್ಲ ಸುರಿಯುತ್ತಿತ್ತು.

"ಇಂಜಿನ್ನಾದ್ರೂ ಆಫ್ ಮಾಡೇ, ಮೈಲೇಜು!" ಎಂದು ಬಾವ ಹಿಂದಿನಿಂದ ಗೋಗರೆದರು.

"ಜನ ಸೆಕೇಲಿ ಬೇಯ್ತಾ ಅವ್ರೆ, ಸುಮ್ನಿರಿ" ಎಂದಳು ಅಕ್ಕ, ಮುಂದಿನ ಮನೆಗೆ ಗೇರು ಹಾಕುತ್ತಾ.